ಫಂಡಿನ ಪುಸ್ತಕದ ಗುಮಾಸ್ತರು

ಅವರ ಕೆಳತುಟಿಯ ನಡುವೆ ಯಾವಾಗಲೂ ಒಂದು ನೇರಳೆ ಚುಕ್ಕೆ ಇರುತ್ತಿತ್ತು. ಒದ್ದೆಯಾದರೆ ಬಣ್ಣ ಬಿಡುವ ಕಾಪಿ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ತಾಗಿಸಿ ಬರೆಯುವ ಅಭ್ಯಾಸ. ನಮ್ಮ ಮಿಲ್ಲಿನ ಸಂಬಳದ ಕಿಟಕಿಯ ಹಿಂದೆ ಕೂರುತ್ತಿದ್ದ ಗುಮಾಸ್ತರು ಅವರು.

ಮೊನ್ನೆ ನನ್ನ ಮೊಮ್ಮಗಳು ಹೂಟಗಳ್ಳಿಯ ಕಾರ್ಖಾನೆಯಿಂದ ಮೊದಲ ಸಂಬಳದ ಚೀಟಿ ತಂದು ಕೈಗಿಟ್ಟಳು. ಅದರಲ್ಲಿ ಪಿ.ಎಫ್. ಎಂಬ ಸಾಲು, ನಾವು ಫಂಡು ಎನ್ನುತ್ತಿದ್ದದ್ದೇ ಅದು; ಪಕ್ಕದಲ್ಲಿ ಅವಳದೇ ಒಂದು ನಂಬರು. ಮೂರನೇ ಕ್ಲಾಸು ಓದಿದ ನಾನು ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ, ಬೀದಿಯಲ್ಲಿ ಎಷ್ಟು ಜನಕ್ಕೆ ಸಕ್ಕರೆ ಕೊಟ್ಟೆನೋ. ನಾವು ಮಲಗುವ ಕೋಣೆಯೂ ನನ್ನ ಫಂಡಿನಿಂದ ಕಟ್ಟಿದ್ದೇ. ಸಂತೋಷ ಉಕ್ಕಿದಾಗ ನೆನಪಾದವರು ಅವರೇ.

ಫಂಡು ಶುರುವಾದ ತಿಂಗಳು ಸಂಬಳ ಕಡಿಮೆ ಬಂತೆಂದು ನೂಲು ಸುತ್ತುವ ಹೆಂಗಸರೆಲ್ಲ ಕಿಟಕಿಗೆ ಮುತ್ತಿದೆವು.

“ಏನ್ ಸ್ವಾಮಿ, ಕೂತಲ್ಲೇ ಜೇಬು ಕತ್ತರಿಸ್ಬುಟ್ರಲ್ಲ?” ಎಂದೆ.

“ನಿನ್ನ ಮುದಿತನಕ್ಕೇ ಎತ್ತಿಟ್ಟಿರೋದು ಕಣಮ್ಮ,” ಎಂದು ನಕ್ಕರು. “ಮೂಲ ಸಂಬಳ, ತುಟ್ಟಿಭತ್ಯ ಎರಡೂ ಕೂಡಿಸ್ಕೊ. ರೂಪಾಯಿಗೆ ಒಂದಾಣೆ ನಿಂದು, ಒಂದಾಣೆ ಕಂಪನೀದು. ನಲವತ್ತೆಂಟು ರೂಪಾಯಿಗೆ ನಿಂದು ಮೂರು, ಅವರದ್ದು ಮೂರು.”

“ಭಾನುವಾರ ದುಡಿದಿದ್ದು?”

“ಓಟಿ ಸೇರಲ್ಲ. ರೂಲು ಹಂಗಿದೆ, ನನ್ನ ಕೈಲೇನಿದೆ?”

ನಂಬದೆ ಐದು ಸಲ ಲೆಕ್ಕ ಮಾಡಿಸಿದೆ. ಐದು ಸಲವೂ ಬೇಸರಪಡದೆ ಮಾಡಿದರು.

ಒಮ್ಮೆ ಸುಮ್ಮನೆ ಕೇಳಿದೆ, “ನಿಮ್ದೆಷ್ಟಾಗದೆ ಸ್ವಾಮಿ?”

ಪೆನ್ಸಿಲು ಕೆಳಗಿಟ್ಟರು. “ನಾನು ಕಂಟ್ರಾಕ್ಟರ್ ಕಡೆಯೋನು ಕಣಮ್ಮ. ಈ ಪುಸ್ತಕದಲ್ಲಿ ನನಗೆ ಪುಟ ಇಲ್ಲ. ಕಾಯಂ ಮಾಡಿದ್ರೆ ಬರುತ್ತೆ.”

ಅವರನ್ನು ಕಾಯಂ ಮಾಡಿ ಎಂದು ನಾವು ಆರು ಜನ ಹೆಂಗಸರು ಮ್ಯಾನೇಜರ ಮುಂದೆ ಹೋಗಿ ನಿಂತೆವು. “ಆಫೀಸಿನ ವಿಷಯ ನಿಮಗ್ಯಾಕ್ರಮ್ಮ?” ಎಂದರು. ಮರುವರ್ಷ ಸಹಿ ಬಂದವರು ಸಹಿ ಹಾಕಿ, ಉಳಿದವರು ಹೆಬ್ಬೆಟ್ಟೊತ್ತಿ ಅರ್ಜಿ ಕೊಟ್ಟೆವು. ಅದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಗುಮಾಸ್ತರು ಕೆಮ್ಮುತ್ತಲೇ ನಮ್ಮ ಪುಟಗಳನ್ನು ತುಂಬುತ್ತಿದ್ದರು. ಕಾಯಂ ಆಗುವ ಮೊದಲೇ ತೀರಿಕೊಂಡರು.

ಹದಿನೈದು ದಿನಕ್ಕೆ ಅವರ ಹೆಂಡತಿ ಕಿಟಕಿಗೆ ಬಂದರು. ಹೊಸ ಗುಮಾಸ್ತ ಪುಸ್ತಕ ತಿರುವಿ, ಇಲ್ಲವೆಂದು ತಲೆಯಾಡಿಸಿದ. ಆಕೆ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಎಲ್ಲರ ಫಂಡೂ ಇವ್ರೇ ಬರೀತಿದ್ರಂತಲ್ಲ. ಇವರದೂ ಇರಲೇಬೇಕಲ್ವಾ?”

ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. “ಬೇರೆ ಪುಸ್ತಕದಾಗೆ ಇರ್ಬೋದು, ವಿಚಾರಿಸ್ತೀವಿ ಬುಡಿ,” ಎಂದು ಗೇಟಿನವರೆಗೂ ಬಿಟ್ಟುಬಂದೆ.

ಮುಂದಿನ ಸಂಬಳದ ದಿನ ನೋಡುತ್ತೇನೆ, ಆಕೆ ನಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದರು.