ಸುಮ್ಮನೆ ಬಂದ ಕರೆಗಳ ಕುರ್ಚಿ

ಪೊಲೀಸ್ ಇಲಾಖೆಯಲ್ಲಿ ಓಡಿ ಹಿಡಿದು ಹೆಸರಾದವರಿದ್ದಾರೆ, ಗದರಿಸಿ ಬಾಯಿ ಬಿಡಿಸಿ ಹೆಸರಾದವರಿದ್ದಾರೆ. ಕಿವಿಗೊಟ್ಟು ಕೂತು ಹೆಸರಾದವರು, ನಾನು ಬಲ್ಲಂತೆ, ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಇನ್‌ಸ್ಪೆಕ್ಟರ್ ಮೇಡಂ ಒಬ್ಬರೇ. ಠಾಣೆಯ ಮೆಟ್ಟಿಲು ಹತ್ತದೆ ಮನೆಯಿಂದಲೇ ಫೋನ್ ಮಾಡಿ ದೂರು ಬರೆಸುವುದು ಇಂದು ನಗರದ ಜನರಿಗೆ ಸಹಜವಾಗಿದೆ. ಆ ವ್ಯವಸ್ಥೆಯನ್ನು ಯೋಜನೆಯ ಕಾಗದದಿಂದ ಇಳಿಸಿ ಒಂದು ಕೋಣೆಯೊಳಗೆ ನೆಲೆಗೊಳಿಸಿದವರು ಅವರು. ಎದುರಿಗೆ ನಾವು ‘ಮೇಡಂ’ ಎನ್ನುತ್ತಿದ್ದೆವು, ಬೆನ್ನ ಹಿಂದೆ ‘ದೊಡ್ಡಕ್ಕ’. ಅವರಿಗೆ ಎರಡೂ ಗೊತ್ತಿತ್ತು. ಇಲಾಖೆಗೆ ಮುಜುಗರವಾಗುವ ಸಂಗತಿ ಬೇಡವೆಂದು ಸಂಪಾದಕರು ಮೊದಲೇ ಎಚ್ಚರಿಸಿದ್ದಾರೆ. ಆದರೆ ಅನುದಾನ ಕಡಿತದ ಮಾತು ಬಿಟ್ಟು ದೊಡ್ಡಕ್ಕನ ಸೇವೆಯನ್ನು ಬರೆಯುವುದು ಉಪ್ಪಿಲ್ಲದೆ ಅಡುಗೆ ಮಾಡಿದಂತೆ. ಸಂಪಾದಕರು ಮನ್ನಿಸಬೇಕು.

ಗಸ್ತಿನಲ್ಲಿದ್ದ ನಾನು ಕಾಲು ಮುರಿದುಕೊಂಡು ಅವರ ಕೋಣೆಗೆ ಬಂದೆ. ಅಲ್ಲಿಗೆ ಇಲಾಖೆ ಕಳಿಸುತ್ತಿದ್ದುದೇ ನಮ್ಮಂಥವರನ್ನು: ಕಾಲು ಹೋದವರು, ತುಂಬು ಬಸುರಿಯರು, ಮೇಲಿನವರ ಎದುರು ಬಾಯಿ ಮಾಡಿ ಕೆಟ್ಟವರು. ಹನ್ನೆರಡು ಕುರ್ಚಿಗಳೆಂದು ಶುರುವಾದ ಯೋಜನೆ ಎಂಟಕ್ಕಿಳಿದು, ನಾನು ಬರುವ ಹೊತ್ತಿಗೆ ಐದಕ್ಕೆ ಬಂದು ನಿಂತಿತ್ತು. ನಾನು ಸೇರಿದ ದಿನವೇ ಆ ಎರಡನೆಯ ಕಡಿತದ ಆದೇಶ ಹಿಡಿದು ಬಂದ ಕಚೇರಿಯ ಗುಮಾಸ್ತರು, “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ ಮೇಡಂ?” ಎಂದು ನೀತಿ ಹೇಳಿದರು. “ಹಾಸಿಗೆನೇ ಕತ್ತರಿಸ್ಕೊಂಡು ಹೋಗ್ತಿದೀರಲ್ರೀ, ಕಾಲು ಎಲ್ಲಿಡೋದು?” ಎಂದರು ದೊಡ್ಡಕ್ಕ. ಮರುದಿನ ಬಂದು ನೋಡಿದರೆ, ನನ್ನ ಮುರಿದ ಕಾಲನ್ನು ಚಾಚಿಡಲು ಮೇಜಿನಡಿಯಲ್ಲಿ ಒಂದು ಹಲಗೆ ಹಾಕಿಸಿದ್ದರು. ನಾನು ಕೇಳಿರಲಿಲ್ಲ, ಅವರೂ ಆ ಬಗ್ಗೆ ಮಾತೆತ್ತಲಿಲ್ಲ.

ಐದು ಕುರ್ಚಿಗಳಲ್ಲಿ ಕಿಟಕಿಯ ಪಕ್ಕದ್ದಕ್ಕೆ ಬೇರೆಯೇ ಕಟ್ಟಳೆ. “ಕಂಪ್ಲೇಂಟ್ ಏನಿಲ್ಲ, ಸುಮ್ನೆ ಕೇಳೋಣ ಅಂತ” ಎನ್ನುವವರ ಕರೆಗಳೆಲ್ಲ ಅಲ್ಲಿಗೆ ಹೋಗಬೇಕು. ಅಲ್ಲಿ ಕೂತವರು ಗಡಿಯಾರ ನೋಡುವಂತಿಲ್ಲ. ಫೋನನ್ನು ಆ ಕಡೆಯವರೇ ಮೊದಲು ಇಡಬೇಕು. ನಿಜ ಹೇಳಬೇಕೆಂದರೆ ಆ ಕರೆಗಳಲ್ಲಿ ಮುಕ್ಕಾಲು ಪಾಲು ಜೊಳ್ಳು: ಪಕ್ಕದ ಮನೆಯ ನಾಯಿ, ಓರಗಿತ್ತಿಯ ನಾಲಿಗೆ, ಎಲ್ಲೋ ಮರೆತುಬಂದ ಕೊಡೆ. ನಾವು ಗೊಣಗಿದರೆ ಅವರದು ಒಂದೇ ಮಾತು: “ಪೊಲೀಸರಿಗೆ ಸುಮ್ನೆ ಅಂತ ಯಾರ್ರೀ ಫೋನ್ ಮಾಡ್ತಾರೆ? ಜನ ಸುಮ್ನೆ ಫೋನ್ ಮಾಡೋಕೆ ನಾವೇನು ಸೋದರಮಾವನ ಮನೆಯವರಾ?”

ಮೂರನೆಯ ಕಡಿತ ಬಂದಾಗ ಮೊದಲು ಕಣ್ಣು ಬಿದ್ದದ್ದು ಆ ಕುರ್ಚಿಯ ಮೇಲೆಯೇ. ಇಂಥದೇ ಅಪರಾಧವೆಂದು ಹೇಳಲಾಗದ ಕರೆಗಳನ್ನು ಧ್ವನಿಮುದ್ರಿಕೆಗೆ ದಾಟಿಸಬೇಕು, ಒಂದು ತಿಂಗಳು ಪರೀಕ್ಷಿಸಿ ನೋಡಬೇಕು, ಆ ಕುರ್ಚಿಯಿಂದಾಗಿ ಎತ್ತದೆ ಬಿಟ್ಟ ಕರೆಗಳು ಹೆಚ್ಚಾದರೆ ಆ ಕುರ್ಚಿಯನ್ನು ತೆಗೆದುಬಿಡಬೇಕು ಎಂದು ಆದೇಶವಾಯಿತು. ಪರೀಕ್ಷೆಗೆ ಬಂದವರು ಲೆಕ್ಕಪತ್ರ ವಿಭಾಗದ ಅಧಿಕಾರಿ. ಕೆಟ್ಟವರಲ್ಲ, ಅವರ ತಲೆಯ ಮೇಲೂ ಒಬ್ಬರು ಕೂತಿದ್ದರು. ಅವರಿಗೆ ಕೇಳಲೆಂದು ಕರೆಗಳನ್ನು ಸ್ಪೀಕರಿಗೆ ಹಾಕಿಸಿದ್ದರು.

ಅಂದು ಮಧ್ಯಾಹ್ನ ಇಬ್ಬರು ರಜೆಯಲ್ಲಿದ್ದರು, ಕಾಯುತ್ತಿರುವ ಕರೆಗಳ ಕೆಂಪು ದೀಪಗಳು ಆಗಲೇ ಮಿಣುಕುತ್ತಿದ್ದವು. ಕಿಟಕಿಯ ಕುರ್ಚಿಯಲ್ಲಿ ಸ್ವತಃ ದೊಡ್ಡಕ್ಕ ಕೂತಿದ್ದರು. ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ಅಳುಕಿನ ದನಿ ಬಂತು.

“ಕಂಪ್ಲೇಂಟ್ ಏನಿಲ್ಲ ಮೇಡಂ. ಸುಮ್ನೆ ಕೇಳೋಣ ಅಂತ. ಕೆಲಸದವರನ್ನ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ಕೊಂಡು ಹೋದ್ರೆ ಅದು ತಪ್ಪಾಗುತ್ತಾ?”

“ಇದು ದೂರಲ್ಲ ಮೇಡಂ, ರೆಕಾರ್ಡಿಂಗಿಗೆ ಹಾಕಿ. ಬೇರೆಯವರು ಕಾಯ್ತಿದಾರೆ,” ಎಂದರು ಅಧಿಕಾರಿ.

ದೊಡ್ಡಕ್ಕ ಅಂಗೈ ಎತ್ತಿ ಅವರನ್ನು ಸುಮ್ಮನಾಗಿಸಿದರು. “ಒಳಗಿರೋದು ಯಾರಮ್ಮಾ?”

“ನಾವೇ. ರಟ್ಟಿನ ಪೆಟ್ಟಿಗೆ ಮಾಡೋ ಶೆಡ್ಡು. ಯಜಮಾನ್ರು ಊಟಕ್ಕೆ ಹೋಗುವಾಗ ದಿನಾ ಹಾಕ್ತಾರೆ. ಒಳ್ಳೆಯವರೇ ಮೇಡಂ, ಅವರ ಮೇಲೆ ಚಾಡಿ ಹೇಳ್ತಿಲ್ಲ.”

“ದಿನಾ ಹಾಕ್ತಾರೆ ಅಂತೀಯ. ಮತ್ತೆ ಇವತ್ತೇ ಯಾಕಮ್ಮಾ ಫೋನ್ ಮಾಡಿದ್ದು?”

ಆ ಕಡೆ ಕೆಮ್ಮು. “ವೈರ್ ಸುಟ್ಟ ವಾಸನೆ ಬರ್ತಿದೆ. ರಟ್ಟಿನ ರಾಶಿ ಹಿಂದೆ ಹೊಗೆ ಕಾಣ್ತಿದೆ. ಯಜಮಾನ್ರು ಫೋನ್ ಎತ್ತುತಿಲ್ಲ.”

ಶೆಡ್ಡು ಯಾವ ಬೀದಿಯದೆಂದು ಅವಳಿಗೆ ಗೊತ್ತಿರಲಿಲ್ಲ. ಹೊಸಬಳು, ದಿನವೂ ಯಜಮಾನರ ವ್ಯಾನಿನಲ್ಲಿ ಬಂದು ಹೋಗುವವಳು. “ಗಾಬರಿ ಬೇಡ. ಕಿಟಕಿಯಿಂದ ಏನು ಕಾಣುತ್ತೆ ಹೇಳು,” ಎಂದರು ದೊಡ್ಡಕ್ಕ. ನೀರಿನ ಟ್ಯಾಂಕು, ಅದರ ಮೇಲೆ ಹಲ್ಲುಪುಡಿ ಜಾಹೀರಾತಿನ ನಗುವ ಮಗು, ಮಗುವಿನ ಅರ್ಧ ಮುಖ ಅಳಿಸಿಹೋಗಿದೆ ಎಂದಳು. ಆ ಅರ್ಧ ಮುಖದ ಮಗುವಿನ ಕೆಳಗೇ ನಾನು ಎಷ್ಟೋ ಕಾಲ ಗಸ್ತು ತಿರುಗಿದ್ದೆ. “ಗೊತ್ತು ಮೇಡಂ, ನನಗೆ ಗೊತ್ತು!” ಎಂದು ಕೂಗಿ ಇನ್ನೊಂದು ಫೋನಿನಲ್ಲಿ ಅಗ್ನಿಶಾಮಕದವರನ್ನು ಹಿಡಿದೆ.

ದೊಡ್ಡಕ್ಕ ಮಾತು ನಿಲ್ಲಿಸಲಿಲ್ಲ. ನೆಲಕ್ಕೆ ಕೂತ್ಕೊಳ್ಳಿ, ಬಟ್ಟೆ ಒದ್ದೆ ಮಾಡಿ ಮೂಗಿಗೆ ಹಿಡ್ಕೊಳ್ಳಿ, ಒಬ್ಬರ ಕೈ ಒಬ್ಬರು ಬಿಡಬೇಡಿ. ದನಿ ಒಂದಿಷ್ಟೂ ಏರಲಿಲ್ಲ. ಸ್ಪೀಕರಿನಲ್ಲಿ ಕೆಮ್ಮು, ಯಾರದೋ ಅಳು. ಕೆಂಪು ದೀಪಗಳು ಒಂದೊಂದಾಗಿ ಆರತೊಡಗಿದವು. ಕಾದು ಬೇಸತ್ತವರು ಫೋನ್ ಇಡುತ್ತಿದ್ದರು. ಆಗ ಅಧಿಕಾರಿ ಖಾಲಿ ಕುರ್ಚಿಯಲ್ಲಿ ಕೂತು ಒಂದು ಕರೆ ಎತ್ತಿದರು. “ಕೊಡೆಯಾ? ಯಾವ... ಯಾವ ಬಣ್ಣದ್ದು?” ಎಂದು ಬರೆದುಕೊಂಡರು. ಕೊನೆಗೂ ಸ್ಪೀಕರಿನಲ್ಲಿ ದಡದಡ ಬಾಗಿಲು ಬಡಿದ ಸದ್ದು, ಕಬ್ಬಿಣ ಮುರಿದ ಸದ್ದು, “ಬಂದ್ರು!” ಎಂಬ ಚೀರಾಟ. ಫೋನು ಆ ಕಡೆಯಿಂದಲೇ ಕಡಿದುಹೋಯಿತು. ದೊಡ್ಡಕ್ಕ ಮತ್ತೂ ಸ್ವಲ್ಪ ಹೊತ್ತು ರಿಸೀವರನ್ನು ಕಿವಿಗೆ ಹಿಡಿದೇ ಕೂತಿದ್ದರು. ಒಬ್ಬಾಕೆಯ ಕೈ ಸುಟ್ಟಿದ್ದು ಬಿಟ್ಟರೆ ಎಲ್ಲರೂ ಬದುಕಿ ಹೊರಬಂದರು.

ಕತೆ ಇಲ್ಲಿಗೆ ಮುಗಿದಿದ್ದರೆ ಸಂಪಾದಕರಿಗೂ ಸಂತೋಷವಾಗುತ್ತಿತ್ತು. ಅಂದು ಸಂಜೆ ಕಳ್ಳರು ನುಗ್ಗಿದ್ದ ಅಂಗಡಿಯ ಮಾಲೀಕರೊಬ್ಬರು ಬಂದು, “ಎಷ್ಟು ಹೊತ್ತು ಕಾಯಿಸ್ತೀರಿ, ಸತ್ತಮೇಲೆ ಎತ್ತುತೀರಾ?” ಎಂದು ಕೂಗಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ದೊಡ್ಡಕ್ಕ ನಿಂತು ಪೂರ್ತಿ ಕೇಳಿಸಿಕೊಂಡು, ತಾವೇ ದೂರು ಬರೆದುಕೊಂಡರು. ಕುರ್ಚಿ ಉಳಿಯಬೇಕೆಂದು ಅಧಿಕಾರಿ ವರದಿ ಕೊಟ್ಟರು. ಮೇಲಿನವರು ಅದರಲ್ಲಿ ಓದಿದ್ದು ಎತ್ತದೆ ಬಿಟ್ಟ ಕರೆಗಳ ಸಂಖ್ಯೆಯನ್ನಷ್ಟೇ. ವಾರದೊಳಗೆ ಜವಾನ ಬಂದು ಕುರ್ಚಿಯನ್ನು ಹೊತ್ತುಕೊಂಡು ಹೋದ.

ಮರುದಿನ ದೊಡ್ಡಕ್ಕ ಮನೆಯಿಂದ ಒಂದು ಮರದ ಸ್ಟೂಲು ತಂದರು. ದರ್ಜಿಯಾದ ಅವರ ಯಜಮಾನರು ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತಿದ್ದ ಸ್ಟೂಲು. “ಅವರೀಗ ಹೇಗೆ ಹೊಲೀತಾರೆ ಮೇಡಂ?” ಎಂದೆ. “ನಿಂತ್ಕೊಂಡೇ ಹೊಲೀಲಿ ತಮ್ಮಾ. ಕೂತು ಹೊಲಿದ ರವಿಕೆನೂ ನನಗೆ ಬಿಗೀನೇ ಆಗ್ತಿತ್ತು,” ಎಂದರು. ಇಲಾಖೆಯ ದಾಖಲೆಯಲ್ಲೇ ಇಲ್ಲದ ಸ್ಟೂಲನ್ನು ಕಡಿತ ಮಾಡುವ ಅಧಿಕಾರ ಯಾರಿಗೂ ಇರಲಿಲ್ಲ. ನಿವೃತ್ತಿಯ ದಿನದವರೆಗೂ ತಮ್ಮ ಊಟದ ಬಿಡುವನ್ನೆಲ್ಲ ಅವರು ಅದರ ಮೇಲೆ ಕೂತು, ‘ಸುಮ್ನೆ’ ಬಂದ ಕರೆಗಳನ್ನು ಕೇಳುತ್ತ ಕಳೆದರು.

ಅವರ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಬರುವ ತಿಂಗಳಿಂದ ಎಲ್ಲ ಕರೆಗಳನ್ನೂ ಮೊದಲು ಧ್ವನಿಮುದ್ರಿಕೆಯೇ ಎತ್ತುತ್ತದಂತೆ: ಕಳ್ಳತನಕ್ಕೆ ಒಂದು ಒತ್ತಿ, ಹಲ್ಲೆಗೆ ಎರಡು ಒತ್ತಿ. ‘ಸುಮ್ಮನೆ’ ಎಂಬುದಕ್ಕೆ ಅಂಕಿ ಇಟ್ಟಿಲ್ಲ. ಹೊಗೆಯಲ್ಲಿ ಕೂತಿದ್ದ ಆ ಹೆಂಗಸು ಯಾವ ಅಂಕಿ ಒತ್ತಬೇಕಿತ್ತೆಂದು ಮೇಲಿನವರನ್ನು ಕೇಳಿದ್ದೇನೆ, ಉತ್ತರ ಬಂದಿಲ್ಲ. ನನಗೆ ಸಿಟ್ಟೂ ಇದೆ, ಭಯವೂ ಇದೆ.

ಹೋಗುವಾಗ ದೊಡ್ಡಕ್ಕ ನೀರಿನ ಲೋಟ ಮಾತ್ರ ಕೊಂಡೊಯ್ದರು, ಸ್ಟೂಲನ್ನು ಬಿಟ್ಟುಹೋದರು. ಅದರ ಮೇಲೀಗ ನಾನು ಕೂತಿದ್ದೇನೆ. ಅವರು ನೂರು ವರ್ಷ ಬಾಳಲಿ, ಕಿವಿ ಕೊನೆಯವರೆಗೂ ಚುರುಕಾಗಿರಲಿ, ಅವರ ಯಜಮಾನರು ಸ್ಟೂಲು ವಾಪಸ್ ಕೇಳದಿರಲಿ. ಇನ್ನು ಕೆಲಸ ಮುಗಿಯಿತೆಂದು ಅವರು ತಿಳಿಯುವುದು ಬೇಡ. ಮೇಡಂ, ಬರುವ ತಿಂಗಳು ಒಮ್ಮೆ ನಮ್ಮ ಕೋಣೆಗೆ ಸುಮ್ಮನೆ ಫೋನ್ ಮಾಡಿ. ನಾನು ಎತ್ತಿದರೆ ಮಾತಾಡೋಣ. ಧ್ವನಿಮುದ್ರಿಕೆ ಎತ್ತಿದರೆ, ನೀವು ಮೊದಲು ಇಡಬೇಡಿ.