ತಾಳಿ ಮೊದಲೋ ತೀರ್ಪು ಮೊದಲೋ
೨೦೦೪ರ ಮಾರ್ಚಿನಲ್ಲಿ ದೆಹಲಿಯ ಕೆನಡಾ ವೀಸಾ ಕಚೇರಿಯಿಂದ ಬಂದ ಪತ್ರವನ್ನು ನನ್ನಿವಾಳದ ಅಂಗನವಾಡಿ ಶಿಕ್ಷಕಿ ಪುಷ್ಪಲತಾ ಚಳ್ಳಕೆರೆಯ ವಕೀಲ ಜಂಬುಲಿಂಗಪ್ಪನವರಿಂದ ಎರಡು ಸಲ ಓದಿಸಿಕೊಂಡಳು. ಅವಳ ಗಂಡ ಮಹಾಂತೇಶ ಕೆನಡಾದ ಹೈನು ಫಾರಂ ಒಂದರಲ್ಲಿ ದನ ನೋಡಿಕೊಳ್ಳುತ್ತಿದ್ದ. ಅಲ್ಲಿ ಕಾಯಂ ವಾಸದ ಹಕ್ಕು ಸಿಕ್ಕ ಮೇಲೆ ಹೆಂಡತಿಗೂ ನಾಲ್ಕು ವರ್ಷದ ಮಗಳು ಸ್ವಪ್ನಳಿಗೂ ಅರ್ಜಿ ಹಾಕಿದ್ದ. ಈಗ ಕಚೇರಿ ಕೇಳುತ್ತಿತ್ತು: ನಿಮ್ಮ ಮೊದಲ ಮದುವೆ ಕೋರ್ಟಿನಲ್ಲಿ ರದ್ದಾದದ್ದು ೨೦೦೧ರಲ್ಲಿ, ಹಾಗಿದ್ದರೆ ೧೯೯೯ರಲ್ಲಿ ಮಹಾಂತೇಶರ ಜೊತೆ ಆದ ಮದುವೆ ಊರ್ಜಿತವೇ? ಅರವತ್ತು ದಿನದೊಳಗೆ ಉತ್ತರ ಕೊಡಿ.

ಪುಷ್ಪಲತಾಳನ್ನು ಮೊದಲು ಕೊಟ್ಟಿದ್ದು ಮೊಳಕಾಲ್ಮುರಿನ ಓಬಯ್ಯನಿಗೆ. ಹೊಂದಿಕೆಯಾಗಲಿಲ್ಲ. ೧೯೯೭ರಲ್ಲಿ ಕುಲದ ಹಿರಿಯರು ಕಟ್ಟೆಯ ಮೇಲೆ ಕೂತು ಬಿಡುಗಡೆ ಮಾಡಿಸಿದರು. ಇಬ್ಬರೂ ಬೇರೆ ಮದುವೆಯಾದರು. ಆಮೇಲೆ ಓಬಯ್ಯನಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ದಾಖಲೆಗೆ ಕೋರ್ಟಿನ ವಿಚ್ಛೇದನ ಬೇಕು ಎಂದು ಬಂದು ಕೇಳಿದ. ವರ್ಷದ ಸ್ವಪ್ನಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗಿ ಅವಳು ವಿಚ್ಛೇದನದ ಅರ್ಜಿಗೆ ಸಹಿ ಹಾಕಿದ್ದಳು. ‘ನಾವಿಬ್ಬರೂ ಮರುಮದುವೆಯಾಗಿಲ್ಲ’ ಎಂದು ಅದರಲ್ಲಿ ಬರೆದಿತ್ತು.

“ಕಟ್ಟೆ ಬಿಡುಗಡೆ ನಮ್ಮ ಕುಲದ ಪದ್ಧತಿ ಅಂತ ಸಾಬೀತು ಮಾಡ್ಬೇಕು. ಅದಕ್ಕೆ ಓಬಯ್ಯ ಹೇಳಿಕೆ ಕೊಡ್ಬೇಕು,” ಎಂದರು ಜಂಬುಲಿಂಗಪ್ಪ. “ಇಲ್ಲಾಂದ್ರೆ ಮಹಾಂತೇಶ ಬಂದು ಮತ್ತೆ ಮದುವೆ ಆಗ್ಲಿ. ಅರ್ಜಿ ಹೊಸದಾಗಿ ಹಾಕ್ಬೇಕಾಗ್ತೈತೆ.”

“ಹಂಗಾದ್ರೆ ನನ್ನ ಮಗಳು?”

“ಮಗಳ ಹಕ್ಕಿಗೇನೂ ಆಗಲ್ಲಮ್ಮ. ನಿಂದೇ ಕಷ್ಟ.”

ಮರುದಿನವೇ ಅವಳು ಮೊಳಕಾಲ್ಮುರಿನ ಬಸ್ಸು ಹತ್ತಿದಳು. ಓಬಯ್ಯ ಅವಳನ್ನು ಮನೆಯೊಳಗೆ ಕರೆಯಲಿಲ್ಲ, ಜಗಲಿಯಲ್ಲೇ ನಿಲ್ಲಿಸಿ ಮಾತಾಡಿದ.

“ನಾನು ಬರಲ್ಲ. ಆಗ ಇನ್ನೊಂದು ಮದುವೆ ಆಗಿಲ್ಲ ಅಂತ ಜಡ್ಜ್ ಮುಂದೆ ಹೇಳಿ ಈಗ ಆಗಿತ್ತು ಅಂದ್ರೆ ಕೆಲಸ ಹೋಗ್ತೈತೆ.”

“ಆ ಸುಳ್ಳಿಗೆ ನನ್ನ ಸಹಿನೂ ಐತೆ.”

“ಅದಕ್ಕೇ ಹೇಳ್ತೀನಿ, ಸುಮ್ಕಿರು.”

ಬಾಗಿಲ ಸಂದಿಯಲ್ಲಿ ಅವನ ಹೆಂಡತಿ ಮಂಜಮ್ಮ ನಿಂತಿದ್ದಳು, ಏಳು ತಿಂಗಳ ಬಸುರಿ. ಅವಳ ಮುಖ ನೋಡಿದ ಮೇಲೆ ಪುಷ್ಪಲತಾ ಒತ್ತಾಯ ಮಾಡದೆ ಹಿಂತಿರುಗಿದಳು.

ಚಳ್ಳಕೆರೆಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಮಹಾಂತೇಶನಿಗೆ ಎಲ್ಲ ಹೇಳಿದಳು. “ಹಂಗಾದ್ರೆ ಇಷ್ಟು ವರ್ಷ ನಾವಿಬ್ರು ಏನಾಗಿದ್ವಿ?” ಎಂದ ಅವನು.

“ನನಗೂ ಗೊತ್ತಿಲ್ಲ. ರಜ ಹಾಕಿ ಬಾ.”

ಕಚೇರಿಗೆ ಅವಳು ಉತ್ತರ ಬರೆಸಿದಳು. ತಾನು ಸಹಿ ಹಾಕಿದ ಸುಳ್ಳನ್ನೂ ಸೇರಿಸಿ ಎಂದಳು. ಓಬಯ್ಯನ ಮದುವೆಯ ಸುದ್ದಿ ಎತ್ತಬೇಡಿ ಎಂದಳು. “ಇದು ನಾಳೆ ನಿನ್ನ ಮೇಲೇ ಕೇಸಾಗಬಹುದು,” ಎಂದು ಜಂಬುಲಿಂಗಪ್ಪ ಪೆನ್ನು ಕೆಳಗಿಟ್ಟರು. ಅವಳು ಎದ್ದು ಹೋಗಲಿಲ್ಲ. ಅವರು ಮತ್ತೆ ಬರೆದರು.

ಆ ಅರ್ಜಿ ವಜಾ ಆಯಿತು. ಜುಲೈನಲ್ಲಿ ಮಹಾಂತೇಶ ಬಂದ. ಎರಡು ಹಾರ, ಮೂವರು ಸಾಕ್ಷಿಗಳು. ಶಾಸ್ತ್ರ ಮುಗಿಸಿಕೊಂಡು ನೇರ ನೋಂದಣಿ ಕಚೇರಿಗೆ ಹೋದರು. ಅಪ್ಪ ಅವ್ವ ಮದುವೆಯಾಗುವುದನ್ನು ಸ್ವಪ್ನ ಬೆಂಚಿನ ಮೇಲೆ ಕೂತು ನೋಡಿದಳು. ಮೂರು ವಾರಕ್ಕೆ ಅವನು ವಾಪಸು ಹೋದ. ಹೊಸ ಅರ್ಜಿ ಹೋಯಿತು.

೨೦೦೬ರಲ್ಲಿ ಸಂದರ್ಶನಕ್ಕೆ ದೆಹಲಿಯಿಂದ ಕರೆ ಬಂತು. ದುಭಾಷಿಯ ಮೂಲಕ ಅಧಿಕಾರಿ ಕೇಳಿದರು: “ಕೋರ್ಟಿನಲ್ಲಿ ನೀವು ಸುಳ್ಳು ಹೇಳಿದ್ದಿರಾ?”

“ಹೌದು. ಓದದೇ ಸಹಿ ಹಾಕಿದೆ. ಓದಿದ್ರೂ ಹಾಕ್ತಿದ್ದೆನೇನೋ. ತಪ್ಪು ಅಂತ ಆಗ ಅನ್ನಿಸಿರಲಿಲ್ಲ.”

ಅವರು ಏನೋ ಬರೆದುಕೊಂಡು, ‘ಹೋಗಿ’ ಎಂದರು. ಎಂಟು ತಿಂಗಳು ಸುದ್ದಿಯಿಲ್ಲ. ಅಂಚೆಯವನ ಸೈಕಲ್ಲು ಅಂಗನವಾಡಿ ದಾಟಿ ಹೋಗುವವರೆಗೂ ಅವಳ ಕೈಗೆ ಕೆಲಸ ಹತ್ತುತ್ತಿರಲಿಲ್ಲ.

೨೦೦೭ರ ಬೇಸಿಗೆಯಲ್ಲಿ ತಾಯಿ ಮಗಳಿಬ್ಬರಿಗೂ ವೀಸಾ ಬಂತು. ಅಲ್ಲಿ ವಿಮಾನದಿಂದ ಇಳಿದಾಗ ಮಹಾಂತೇಶ ಕಾಯುತ್ತಿದ್ದ. ಏಳು ವರ್ಷದ ಸ್ವಪ್ನ ಅವ್ವನ ಸೆರಗು ಬಿಟ್ಟು ಅವನ ಹತ್ತಿರ ಹೋಗಲು ತುಸು ಹೊತ್ತು ಹಿಡಿಯಿತು.