ನಾನು ಬಿದ್ದದ್ದನ್ನು ಕಂಡವನು

ಮೊದಲು ಬಂದದ್ದು ಐಸ್ ತಿನ್ನುವ ಆಸೆ.

ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟ್ ಇಟ್ಟುಕೊಂಡವಳಿಗೆ ಐಸ್ ತಿನ್ನಬೇಕು ಅನಿಸಿದರೆ ಅದು ರೋಗ ಎಂದು ಯಾರಿಗೆ ಹೊಳೆಯುತ್ತದೆ? ಮನೆಯ ಫ್ರಿಜ್ಜಿನ ಟ್ರೇಗಳನ್ನು ಖಾಲಿ ಮಾಡುತ್ತಿದ್ದೆ. ಕಾರಿನಲ್ಲಿ ಥರ್ಮಾಸ್ ತುಂಬ ಐಸ್ ತುಂಡು ಇಟ್ಟುಕೊಳ್ಳುತ್ತಿದ್ದೆ. ಅದನ್ನು ಕಟಕಟ ಅಗಿಯುತ್ತಲೇ ಬೋಟಿನವರ ಜೊತೆ ರೇಟು ಮಾತಾಡುತ್ತಿದ್ದೆ.

"ಅಕ್ಕ ಐಸ್ ಜಗೀತಿದ್ರ್ ಅಂದ್ರೆ ಇವತ್ತ್ ರೇಟ್ ಇಳಿತಿಲ್ಲ ಕಾಣಿ" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ತಿಂಗಳ ಸ್ರಾವ ವಾರ ಕಳೆದರೂ ನಿಲ್ಲುತ್ತಿರಲಿಲ್ಲ. ಐವತ್ತರ ಹತ್ತಿರ ಬಂದವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ನೀವು ಹಾಗೆ ಅಂದುಕೊಳ್ಳಬೇಡಿ. ಒಂದು ರಕ್ತಪರೀಕ್ಷೆ ಮಾಡಿಸಿ, ಅಷ್ಟೇ ಸಾಕು.

ನನ್ನ ಅಮ್ಮ ಉಪ್ಪುಂದದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಅವಳ ಬುಟ್ಟಿಗೆ ಐಸ್ ತಂದುಕೊಡುತ್ತಿದ್ದ ನಾನು ಮುಂದೆ ಐಸನ್ನೇ ಮಾರಿದೆ, ಆಮೇಲೆ ಪ್ಲಾಂಟ್ ಹಾಕಿದೆ, ಸಿಗಡಿಗೆ ಕೋಲ್ಡ್ ರೂಮ್ ಕಟ್ಟಿಸಿದೆ. ಎಲ್ಲ ಗಟ್ಟಿಯಾದ ಮೇಲೆ ಮೈಸೂರಿಗೆ ಹೋಗಿ ಸಣ್ಣ ವಿಮಾನ ಹಾರಿಸಲು ಕಲಿತೆ. ಹೊಟ್ಟೆಪಾಡಿಗಲ್ಲ, ಖುಷಿಗೆ. ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿದ ದಿನ ಬಂದರಿನಲ್ಲಿ ಎಲ್ಲರಿಗೂ ಗೋಳಿಬಜೆ, ಚಹಾ ಕೊಡಿಸಿದೆ. ಜೀವನದಲ್ಲಿ ಚೌಕಾಸಿ ಮಾಡದೆ ನಾನು ಮಾಡಿದ್ದು ಅದೊಂದೇ ಕೆಲಸ.

ಆದರೆ ಲೈಸೆನ್ಸ್ ಒಂದಿದ್ದರೆ ಸಾಲದು. ಕ್ಲಾಸ್ ಟು ಮೆಡಿಕಲ್ ಎಂಬ ಆರೋಗ್ಯದ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಪ್ರಜ್ಞೆ ತಪ್ಪಿ ಬಿದ್ದರೆ, ಆಪರೇಷನ್ ಆದರೆ, ಮತ್ತೆ ಫಿಟ್ ಎಂದು ಬರೆಸಿಕೊಳ್ಳುವ ತನಕ ವಿಮಾನ ಮುಟ್ಟುವಂತಿಲ್ಲ. ನನಗೆ ಎರಡೂ ಆಯಿತು.

ಆ ಬೆಳಿಗ್ಗೆ ಕೋಲ್ಡ್ ರೂಮಿನ ಎದುರು ನಿಂತಿದ್ದೆ. ಜೊತೆಗೆ ಇದ್ದವನು ದಿನಕರ ಒಬ್ಬನೇ. ಅವನು ನನ್ನ ಸೋದರಮಾವನ ಮಗ. ಬಿಜೂರಿನಲ್ಲಿ ಖಾಲಿ ಕೂತಿದ್ದವನನ್ನು ಕರೆತಂದು, ಕೆಲಸ ಕಲಿಸಿ, ಮ್ಯಾನೇಜರ್ ಮಾಡಿದವಳು ನಾನು. ಏನೋ ಹೇಳಲು ಅವನ ಕಡೆ ತಿರುಗಿದೆ. ಕಿವಿಯಲ್ಲಿ ಗುಂಯ್ ಎಂದಿತು. ಕಣ್ಣಿನ ಅಂಚಿನಿಂದ ಕಪ್ಪು ಒಳಗೆ ಬಂತು.

ಕಣ್ಣು ಬಿಟ್ಟಾಗ ಮುಷ್ಟಿಯಲ್ಲಿ ಒಂದು ಕೀ ಗೊಂಚಲಿತ್ತು.

ಫಿಟ್ಸ್ ನಿಲ್ಲಲಿ ಎಂದು ಬಿದ್ದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕತ್ತಿಯೋ ಕೀಯೋ, ಕೈಗೆ ಸಿಕ್ಕಿದ್ದನ್ನು ತುರುಕುತ್ತಾರೆ. ದಿನಕರ ಗಾಬರಿಯಲ್ಲಿ ತನ್ನ ಸೊಂಟದ ಗೊಂಚಲನ್ನೇ ಬಿಚ್ಚಿ ಕೊಟ್ಟಿದ್ದ. ಬೆರಳು ಬಿಡಿಸಿ ನೋಡಿದೆ. ಹಳೆಯ ಕೀಗಳ ನಡುವೆ ಹೊಸದಾಗಿ ಕೊರೆಸಿದ ಒಂದು ಕೀ ಹೊಳೆಯುತ್ತಿತ್ತು. ಉದ್ದದ್ದು, ತುದಿಯಲ್ಲಿ ಮೂರು ಹಲ್ಲು. ನನ್ನ ಕೋಲ್ಡ್ ರೂಮಿನ ಕೀ. ಅದು ಇರಬೇಕಾದದ್ದು ನನ್ನ ಹತ್ತಿರ ಮಾತ್ರ.

"ಇದ್ ನನ್ ರೂಮಿನ್ ಕೀ ಅಲ್ದನಾ? ನಿನ್ ಹತ್ರ ಹ್ಯಾಂಗ್ ಬಂತ್?" ಎಂದೆ, ಮಲಗಿದಲ್ಲಿಂದಲೇ.

ಅವನು ಗೊಂಚಲು ಎಳೆದುಕೊಳ್ಳಲು ನೋಡಿದ. ನಾನು ಬಿಡಲಿಲ್ಲ. ಅಷ್ಟರಲ್ಲಿ ಪ್ಲಾಂಟಿನವರು ಓಡಿಬಂದರು. ಅವನು ಎದ್ದು ನಿಂತು ಕೂಗಿದ: "ಅಕ್ಕಂಗೆ ಫಿಟ್ಸ್ ಬಂತ್! ಎಂತೆಂತದೋ ಮಾತಾಡ್ತಿದ್ರ್, ನೆನಪ್ ಸಮ ಇಲ್ಲ! ಬೇಗ ಕಾರ್ ತನ್ನಿ!"

ಕುಂದಾಪುರದ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಿಗೆ ಮೊದಲು ಕಂಡದ್ದು ನನ್ನ ಮುಷ್ಟಿಯ ಕೀ ಗೊಂಚಲು. "ಫಿಟ್ಸಾ?" ಎಂದು ದಿನಕರನನ್ನು ಕೇಳಿದರು. ನನ್ನನ್ನು ಅಲ್ಲ.

"ಹೌದ್ ಸರ್. ಬಾಯಲ್ಲಿ ನೊರಿ ಬಂತ್. ಕಾಲ್ ಗಂಟೆ ಒದ್ದಾಡ್ರ್. ಎದ್ ಮೇಲೂ ಭ್ರಮೆ."

"ಸುಳ್ಳು" ಎಂದೆ. ಡಾಕ್ಟರು ನನ್ನ ಭುಜ ತಟ್ಟಿದರು. "ಪೇಷಂಟಿಗೆ ನೆನಪಿರೋದಿಲ್ಲಮ್ಮ. ನೀವು ಆರಾಮಾಗಿ ಮಲಗಿ." ನರ್ಸ್ ಡ್ರಿಪ್ ಚುಚ್ಚಲು ಮುಷ್ಟಿ ಬಿಡಿಸಿದಳು. ಗೊಂಚಲು ದಿನಕರನ ಜೇಬಿಗೆ ಹೋಯಿತು.

ಹಾಗೆ ಡಿಸ್ಚಾರ್ಜ್ ಸಮರಿಯಲ್ಲಿ 'ಸೀಜರ್', ಅಂದರೆ ಫಿಟ್ಸ್, ಎಂಬ ಪದ ಬಂದು ಕೂತಿತು. ಆಸ್ಪತ್ರೆಯಿಂದ ಹೊರಡುವ ಮುಂಚೆ ಆ ಕಾಗದವನ್ನು ಒಂದೊಂದು ಸಾಲೂ ಓದಿ. ನಿಮಗೆ ಏನಾಯಿತು ಎಂದು ಯಾರ ಬಾಯಿಂದ ಕೇಳಿ ಬರೆದಿದ್ದಾರೆ, ಅದನ್ನು ನೋಡಿ. ಬಿಲ್ಲು ಆಮೇಲೆ ಓದಬಹುದು.

ನಿಜವಾದ ರೋಗ ಹಿಡಿದವರು ಬ್ರಹ್ಮಾವರದ ಒಬ್ಬರು ಗೈನಕಾಲಜಿಸ್ಟ್. ಹಿಮೋಗ್ಲೋಬಿನ್ ಆರು ಎಂಬ ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟರು. "ಐಸ್ ತಿನ್ಕ್ ಅಂದೇಳಿ ಆತಿತ್ತಾ?" ಎಂದು ಕೇಳಿದರು. ನಾನು ಬೆರಗಾದೆ. "ರಕ್ತ ಕಮ್ಮಿ ಆದ್ರೆ ಕೆಲವ್ರಿಗೆ ಹಾಂಗೇ ಆತ್ತ್. ನಿಮ್ದ್ ಐಸಿನ್ ವ್ಯಾಪಾರ ಅಂದ್ಕಂಡ್ ಯಾರೂ ಕೇಂಡಿಲ್ಲ, ಅಲ್ದಾ?" ಸ್ಕ್ಯಾನಿನಲ್ಲಿ ಗರ್ಭಕೋಶದ ಗಡ್ಡೆಗಳು, ಫೈಬ್ರಾಯ್ಡ್, ಕಂಡವು. ದೊಡ್ಡವು. ವರ್ಷಗಟ್ಟಲೆ ನನ್ನ ರಕ್ತ ಕುಡಿದು ಬೆಳೆದವು. ರಕ್ತ ಹಾಕಿಸಿಕೊಂಡು, ಗರ್ಭಕೋಶ ತೆಗೆಸಿಕೊಂಡೆ.

ಕೆಮ್ಮಿದರೆ ಹೊಟ್ಟೆ ಹರಿದಂತೆ. ಒಂದು ಕೊಡಪಾನ ಎತ್ತುವಂತಿಲ್ಲ. ಬೈಂದೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮ ಮನೆಯವರು ಗಂಜಿ ಮಾಡಲು ಕಲಿತರು, ಸುಮಾರಾಗಿ. ಹಾಸಿಗೆಯಿಂದಲೇ ನಾನು ಮಾಡಿಸಿದ ಮೊದಲ ಕೆಲಸ ಕೋಲ್ಡ್ ರೂಮಿನ ಬೀಗ ಬದಲಾಯಿಸಿದ್ದು. ಎರಡನೆಯದು, ಕುಂದಾಪುರದಲ್ಲಿ ಆ ಡೂಪ್ಲಿಕೇಟ್ ಕೊರೆದವನು ಯಾರೆಂದು ಹುಡುಕಿಸಿದ್ದು. ಸಿಕ್ಕಿದ. ಬಾಯಿ ಬಿಟ್ಟ. ದಿನಕರನಿಗೆ ಮಾತ್ರ ಏನೂ ಹೇಳಲಿಲ್ಲ. ಕೋಪ ಬಂದಾಗ ಕೂಡಲೇ ತೋರಿಸಿದರೆ ಅದರ ಬೆಲೆ ಹೋಗುತ್ತದೆ.

ಅವನು ಅಷ್ಟರಲ್ಲಿ ಬಂದರು ತುಂಬ ಸಾರಿದ್ದ. ಅಕ್ಕನಿಗೆ ಮೂರ್ಛೆ ರೋಗ, ವ್ಯವಹಾರ ಇನ್ನು ತನ್ನ ಹತ್ತಿರ ಮಾತಾಡಿ ಎಂದು. ನೋಡಲು ಬಂದ ಬೋಟಿನವರೊಬ್ಬರು ಬಾಳೆಹಣ್ಣು ಇಟ್ಟು ನನ್ನ ಮುಖ ನೋಡದೆ ಕೂತರು. ಕೊನೆಗೆ, "ಅಕ್ಕ, ಇನ್ನ್ ವಿಮಾನದ್ ಆಸಿ ಬಿಡಿ ಮಾರಾಯ್ರೆ. ದಿನಕರ ಹೇಳ್ದ. ಮ್ಯಾಲೆ ಫಿಟ್ಸ್ ಬಂದ್ರೆ ಕೆಳ್ಗಿದ್ದೋರ್ ಎಲ್ ಹೋಪುದ್?" ಎಂದರು.

ನಾನು ನಕ್ಕೆ. ಹೊಲಿಗೆ ನೋಯಿತು.

ಮೈ ಸರಿಯಾದ ಮೇಲೆ ಬೆಂಗಳೂರಿಗೆ ಹೋದೆ, ಪೈಲಟ್‌ಗಳ ಮೆಡಿಕಲ್ ಮಾಡುವ ಡಾಕ್ಟರ ಹತ್ತಿರ. ಎಲ್ಲ ಕಾಗದ ಕೊಟ್ಟೆ. ಸೀಜರ್ ಎಂದಿದ್ದ ಕಾಗದವನ್ನೂ ಕೊಟ್ಟೆ. ಅದನ್ನು ಒಳಗಿಟ್ಟು ಉಳಿದದ್ದು ಕೊಡಿ ಎಂದು ಬುದ್ಧಿ ಹೇಳಿದವರಿದ್ದರು. ಹಾರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಮುಚ್ಚಿಡಬೇಡಿ. ವ್ಯಾಪಾರದಲ್ಲಿ ಸರಕಿನ ದೋಷ ಮುಚ್ಚಿಟ್ಟರೆ ಗಿರಾಕಿ ಹೋಗುತ್ತಾನೆ. ಇಲ್ಲಿ ಜೀವ ಹೋಗುತ್ತದೆ, ಪಕ್ಕದವರದ್ದೂ ಸೇರಿ.

ಡಾಕ್ಟರು ಓದಿ ಮುಗಿಸಿದರು. "ಆಪರೇಷನ್ ತೊಂದರೆ ಇಲ್ಲ. ಹಿಮೋಗ್ಲೋಬಿನ್ ಏರಿದೆ, ಅದೂ ತೊಂದರೆ ಇಲ್ಲ. ಈ ಒಂದು ಪದ ಇರೋವರೆಗೆ ನಾನು ಮುಂದೆ ಹೋಗೋಕಾಗಲ್ಲ."

"ಸರ್, ಎಮ್ಮಾರೈ ನಾರ್ಮಲ್, ಇಇಜಿ ನಾರ್ಮಲ್. ಇನ್ನು ಸ್ವಲ್ಪ ನೀವು ಬಿಡಿ, ಸ್ವಲ್ಪ ನಾನು ಬಿಡುತ್ತೇನೆ."

ಅವರು ನಗಲಿಲ್ಲ. "ಮೇಡಂ, ಇಇಜಿ ನಾರ್ಮಲ್ ಬಂದ ಮಾತ್ರಕ್ಕೆ ಅವತ್ತು ಸೀಜರ್ ಆಗಿಲ್ಲ ಅಂತ ಅಲ್ಲ. ನ್ಯೂರಾಲಜಿಸ್ಟ್ ಬರೆದು ಕೊಡಬೇಕು. ಅವರು ಕೇಳೋದು ಒಂದೇ. ನೀವು ಬಿದ್ದದ್ದನ್ನು ಕಣ್ಣಾರೆ ಕಂಡವರು ಯಾರು?"

ಕಂಡವನು ಒಬ್ಬನೇ.

ನಾನು ಹಾಳು ಮಾಡಬೇಕೆಂದು ಹಾಸಿಗೆಯಲ್ಲಿ ದಿನಾ ಲೆಕ್ಕ ಹಾಕಿದ್ದ ಮನುಷ್ಯನೇ ನನಗೀಗ ಬೇಕಾಗಿದ್ದ. ಪೊಲೀಸರಿಗೆ ಕೊಟ್ಟರೆ ವಕೀಲನ ಮಾತು ಕೇಳಿ ಬಾಯಿ ಮುಚ್ಚುತ್ತಾನೆ. ಬಾಯಿ ಮುಚ್ಚಿದರೆ ನಾನು ಎಂದೂ ಹಾರುವುದಿಲ್ಲ. ಬಸ್ಸಿನಲ್ಲಿ ಘಾಟಿ ಇಳಿಯುವ ತನಕ ಇದೇ ಯೋಚನೆ.

ಬಿಜೂರಿಗೆ ಹೋಗಿ ಅವನ ಜಗುಲಿಯಲ್ಲಿ ಕೂತೆ. ಅವನ ಹೆಂಡತಿ ಸುಮತಿ ಚಹಾ ತಂದಳು. ಅವಳೆದುರೇ ಹೇಳಿದೆ.

"ದಿನಕರ, ಕೀ ಮಾಡಿ ಕೊಟ್ಟೋನ್ ಸಿಕ್ಕಿದ. ಪೊಲೀಸ್ ಸ್ಟೇಷನ್ ಒಂದ್ ಬದಿ, ಆಸ್ಪತ್ರಿ ಒಂದ್ ಬದಿ. ಯಾವ್ದಕ್ಕೆ ಬತ್ಯಾ ಹೇಳ್."

ಅವನ ಮುಖ ಬಿಳಿಚಿಕೊಂಡಿತು. ಸುಮತಿ ತಟ್ಟೆ ಕೆಳಗಿಟ್ಟಳು. "ಎಂತ ಕೀ?" ಎಂದಳು.

"ಆಸ್ಪತ್ರಿಗೆ ಬಂದ್ರೆ ಎಂತ ಹೇಳ್ಕ್?" ಎಂದ, ನೆಲ ನೋಡುತ್ತಾ.

"ಕಂಡದ್ ಹೇಳ್. ಹೆಚ್ಚ್ ಬ್ಯಾಡ, ಕಮ್ಮಿ ಬ್ಯಾಡ. ಸುಮತಿನೂ ಬರ್ಕ್."

"ಅವ್ಳ್ ಎಂತಕ್ಕಕ್ಕ?"

"ನೀನ್ ನನ್ ಸುದ್ದಿನ ಊರಿಗೆಲ್ಲ ಹೇಳ್ದೆ. ನಿನ್ ಸುದ್ದಿ ಒಬ್ಳಾರೂ ಕೇಂಬುದ್ ಬ್ಯಾಡ್ದಾ?"

ನ್ಯೂರಾಲಜಿಸ್ಟ್ ಸಣ್ಣ ದನಿಯ ಹೆಂಗಸು. ದಿನಕರ ಮೊದಲು ಹಳೆಯ ಕಥೆಯನ್ನೇ ಎತ್ತಿದ. ಅವರು ತಡೆದು, "ಕಾಲು ಗಂಟೆ ಅಂದರೆ ದೀರ್ಘ ಆಯ್ತು. ಆಕೆ ಹೇಗೆ ಅಲುಗಾಡಿದರು, ನೀವೇ ಮಾಡಿ ತೋರಿಸಿ" ಎಂದರು. ಅವನು ಕುರ್ಚಿಯಲ್ಲಿ ಕೈಯನ್ನು ಎರಡು ಸಲ ಕೊಡವಿದ. ನಿಲ್ಲಿಸಿದ. ಮತ್ತೆ ಕೊಡವಲು ಅವನಿಂದ ಆಗಲಿಲ್ಲ.

"ಇಷ್ಟೇನಾ?"

"ಇಷ್ಟೇ."

"ನೊರೆ?"

"ಇರ್ಲಿಲ್ಲ. ಮುಖ ಬೆಳ್ಚಿತ್ತ್. ಬೆವ್ರಿದ್ದಿತ್."

"ಕಣ್ಣು ಬಿಟ್ಟ ಮೇಲೆ ಮೊದಲು ಏನು ಹೇಳಿದ್ರು?"

ಇದಕ್ಕಾಗಿ ನಾನು ಅಷ್ಟು ತಿಂಗಳು ಕಾದಿದ್ದೆ. ಅವನು ನನ್ನನ್ನು ನೋಡಿದ. ನಾನು ಕಣ್ಣು ಮಿಟುಕಿಸಲಿಲ್ಲ. ಸುಮತಿಯನ್ನು ನೋಡಿದ.

"ಕೀ ಕೇಂಡ್ರ್. ಅವ್ರ ಕೋಲ್ಡ್ ರೂಮಿನ್ ಕೀ ನನ್ ಗೊಂಚಲಲ್ ಇದ್ದಿತ್. ಅದ್ ನನ್ ಹತ್ರ ಹ್ಯಾಂಗ್ ಬಂತ್ ಅಂದೇಳಿ ಕೇಂಡ್ರ್."

"ಅದು ನಿಜವಾಗಿ ಅವರ ರೂಮಿನ ಕೀನೇ?"

"ಹೌದ್. ನಾನ್ ಕದ್ದ್ ಮಾಡ್ಸದ್ದ್."

ಸುಮತಿ ಎದ್ದು ಹೊರಗೆ ಹೋದಳು.

ಡಾಕ್ಟರು ಬರೆಯುತ್ತಲೇ ಹೇಳಿದರು: "ಸೀಜರ್ ಆದವರು ಎದ್ದ ಮೇಲೆ ಎಷ್ಟೋ ಹೊತ್ತು ಗೊಂದಲದಲ್ಲಿರ್ತಾರೆ. ಕಣ್ಣು ಬಿಟ್ಟ ಕೂಡಲೇ ಡೂಪ್ಲಿಕೇಟ್ ಕೀ ಗುರುತು ಹಿಡಿದವರನ್ನು ನಾನು ಆ ಸಾಲಿಗೆ ಸೇರಿಸೋಕಾಗಲ್ಲ. ರಕ್ತ ಕಡಿಮೆಯಾಗಿ ತಲೆಸುತ್ತಿ ಬಿದ್ದದ್ದು ಇದು. ಆಗ ಒಂದೆರಡು ಸಲ ಕೈಕಾಲು ಅದುರೋದುಂಟು."

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅವನನ್ನು ಅಲ್ಲಿಂದ ನೇರ ಗಂಗೊಳ್ಳಿಗೆ ಕರೆದುಕೊಂಡು ಹೋದೆ. ಯಾರ ಯಾರ ಹತ್ತಿರ ಮೂರ್ಛೆ ರೋಗ ಎಂದಿದ್ದನೋ ಅವರೊಬ್ಬೊಬ್ಬರ ಎದುರೂ ನಿಲ್ಲಿಸಿ, ಹೇಳಿದ್ದು ಸುಳ್ಳು ಎಂದು ಹೇಳಿಸಿದೆ. ಕದ್ದು ಮಾಡಿಸಿದ ಕೀ ಮುಚ್ಚಿಡಲು ಸುಳ್ಳು ಹೇಳಿದ ಎಂಬುದನ್ನೂ ಹೇಳಿಸಿದೆ. ಬಾಳೆಹಣ್ಣು ತಂದಿದ್ದವರು, "ಹ್ವಾಯ್, ಹಾಂಗಾರೆ ರೋಗ ಇದ್ದದ್ ನಿಂಗಾ?" ಎಂದರು. ಎಲ್ಲರೂ ನಕ್ಕರು. ನಾನು ನಿಂತು ಆ ನಗುವನ್ನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಅವನನ್ನು ಕೆಲಸದಿಂದ ತೆಗೆದೆ. ಪೊಲೀಸರಿಗೆ ಕೊಡಲಿಲ್ಲ. ಮಾತು ಮಾತೇ.

ಮೆಡಿಕಲ್ಲಿನ ದಿನ ಬೆಂಗಳೂರಿನಲ್ಲಿ ಮನೆಯವರ ಜೊತೆ ಕಾಯುತ್ತಿದ್ದಾಗ ಪ್ಲಾಂಟಿನಿಂದ ಫೋನ್ ಬಂತು. ದಿನಕರ ಎದುರಾಳಿಯ ಪ್ಲಾಂಟಿಗೆ ಸೇರಿದ್ದಾನಂತೆ. ನನ್ನ ಹಳೆಯ ಗಿರಾಕಿಗಳ ಮನೆ ತಿರುಗುತ್ತಿದ್ದಾನಂತೆ.

ಆಗಲೇ ಒಳಗೆ ಕರೆದರು. ಕಣ್ಣು, ಕಿವಿ, ಇಸಿಜಿ ಎಲ್ಲ ಸರಿ. ಬಿಪಿ ಕಫ್ ಊದಿತು, ಇಳಿಯಿತು. ಡಾಕ್ಟರು ಹುಬ್ಬು ಗಂಟು ಹಾಕಿದರು.

"ತುಂಬಾ ಜಾಸ್ತಿ ಇದೆ ಮೇಡಂ. ಹೊರಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಮತ್ತೆ ನೋಡ್ತೀನಿ. ಆಗಲೂ ಹೀಗೇ ಇದ್ರೆ ಇವತ್ತು ಫಿಟ್ ಅಂತ ಬರೆಯೋಕಾಗಲ್ಲ."

ಮೈಗೆ ರಕ್ತ ಬಂತು. ಗಡ್ಡೆ ಹೋಯಿತು. ಸುಳ್ಳು ಪದ ಹೋಯಿತು. ಈಗ ಅಡ್ಡ ಇದ್ದದ್ದು ನನ್ನ ಸಿಟ್ಟು ಮಾತ್ರ.

"ಎಂತ ಯೋಚ್ನಿ ಮಾಡ್ತಿದ್ಯೇ?" ಎಂದರು ಮನೆಯವರು.

"ದಿನಕರನ್ನ."

"ಅವ್ನಿಗೆ ಇಲ್ಲೂ ಒಂದ್ ಸೀಟ್ ಕೊಟ್ಯಾ?"

ಕಣ್ಣು ಮುಚ್ಚಿದೆ. ದೇವರ ಹೆಸರು ಹೇಳಿ ನೋಡಿದೆ, ನಡುವೆ ಅವನ ಮುಖ. ಕೊನೆಗೆ ಮನಸ್ಸಿನಲ್ಲೇ ವಿಮಾನದ ಸುತ್ತ ಒಂದು ಸುತ್ತು ಬಂದೆ. ರೆಕ್ಕೆಯ ಅಂಚನ್ನು ಸವರಿದೆ. ಟೈರು ನೋಡಿದೆ. ಇಂಧನ ತೆಗೆದು ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದೆ. ಒಳಗೆ ಕೂತು ಬೆಲ್ಟ್ ಹಾಕಿದೆ. ಒಂದು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ, ಅಲ್ಲಿ ಬೇರೆ ಯೋಚನೆಗೆ ಜಾಗ ಇಲ್ಲ. ನಿಮಗೂ ಬಿಪಿ ಏರುವುದಾದರೆ ನಿಮ್ಮ ಕೈಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಹೀಗೆ ಮನಸ್ಸಿನಲ್ಲಿ ಮಾಡಿ ನೋಡಿ.

ಎರಡನೆಯ ಸಲ ಕಫ್ ಇಳಿದಾಗ ಡಾಕ್ಟರು ಸರಿ ಎಂದು ತಲೆಯಾಡಿಸಿದರು.

ಕೆಲವು ವಾರಗಳ ಮೇಲೆ ವಿಮಾನಯಾನ ಇಲಾಖೆಯ ಉತ್ತರ ಬಂತು. ಫಿಟ್. ಆದರೆ ಸದ್ಯಕ್ಕೆ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಲೇಬೇಕು. ಚೌಕಾಸಿಗೆ ಬಾಯಿ ತೆರೆದೆ. ಕೇಳುವವರು ಯಾರೂ ಎದುರಿಗೆ ಇರಲಿಲ್ಲ. ಒಪ್ಪಿಕೊಂಡೆ.

ಅವನನ್ನು ಕ್ಷಮಿಸಿದ್ದೀರಾ ಎಂದು ಕೇಳುತ್ತಾರೆ. ಇಲ್ಲ. ಅವನು ಸೇರಿದ ಪ್ಲಾಂಟಿನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎಳೆಯುತ್ತಿದ್ದೇನೆ, ಅವಸರ ಇಲ್ಲ. ಆದರೆ ಕಳೆದ ವಾರ ಮೈಸೂರಿನಲ್ಲಿ ಮತ್ತೆ ಹಾರಿದೆ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೈಕಟ್ಟಿ ಕೂತಿದ್ದರು. ರನ್‌ವೇ ಕೆಳಗೆ ಜಾರಿತು. ಕೆರೆಗಳು, ಗದ್ದೆ, ದೂರದಲ್ಲಿ ಬೆಟ್ಟ. ಉಸಿರು ಪೂರ್ತಿ ಒಳಗೆ ಹೋಗುತ್ತಿತ್ತು. ಇಳಿದು, ಇಂಜಿನ್ ಆರಿಸಿ, ಬೆಲ್ಟ್ ಬಿಚ್ಚಿದ ಮೇಲೆಯೇ ನನಗೆ ಗೊತ್ತಾದದ್ದು, ಮೇಲಿದ್ದಷ್ಟು ಹೊತ್ತು ದಿನಕರ ಒಮ್ಮೆಯೂ ನೆನಪಾಗಿರಲಿಲ್ಲ ಎಂದು. ಮೋಸ ಹೋದ ಹಾಗೆ ಅನಿಸಿತು. ಅಷ್ಟು ಹೊತ್ತು ನನ್ನ ಸಿಟ್ಟಿಲ್ಲದೆ ಅವನಿಗೆ ಪುಕ್ಕಟೆ ಹೋಯಿತಲ್ಲ!

ಇರಲಿ. ಅಷ್ಟು ಬಿಡುತ್ತೇನೆ.